ಏಣಿಯ ಬುಡದ ಚಪ್ಪಲಿ

ಮಂಗಳವಾರ, ಹನ್ನೆರಡನೇ ತಾರೀಕು, ಬೆಳಗ್ಗೆ ಹನ್ನೊಂದೂ ಕಾಲಿಗೆ ಹೆಂಗಸೊಬ್ಬರು ಠಾಣೆಯ ಮೆಟ್ಟಿಲು ಹತ್ತಿ ಬಂದರು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ನಾಲ್ಕಾಗಿ ಮಡಚಿದ ಕಾಗದ. ಅಳುತ್ತಿರಲಿಲ್ಲ. ಅಳದೆ ಬರುವವರನ್ನು ಕಂಡರೆ ದಫೇದಾರರಿಗೆ ಮೊದಲಿನಿಂದಲೂ ಕೊಂಚ ಭಯ. ಅಂಥವರನ್ನು ನಾಳೆ ಬನ್ನಿ ಎಂದು ಸಾಗಹಾಕಲು ಆಗುವುದಿಲ್ಲ.

“ದೂರು ಕೊಡ್ಬೇಕು,” ಎಂದರು ಹೆಂಗಸು.

“ಯಾರ ಮೇಲಮ್ಮ?”

“ಅದನ್ನ ನೀವು ಹುಡುಕಿ. ನನ್ನ ಗಂಡ ತಪ್ಪು ಮಾಡಿಲ್ಲ, ಅಷ್ಟು ಬರ್ಕೊಳ್ಳಿ.”

ದಫೇದಾರರು ಅವರನ್ನು ಇನ್ಸ್‌ಪೆಕ್ಟರ್ ಮೇಡಂ ಕೋಣೆಗೆ ಕರೆದುಕೊಂಡು ಹೋದರು. ಮೇಡಂ ಹದಿನೈದು ದಿನದ ತರಬೇತಿ ಮುಗಿಸಿ ಹಿಂದಿನ ದಿನವಷ್ಟೇ ಕೆಲಸಕ್ಕೆ ಬಂದಿದ್ದರು. ಮೇಜಿನ ಮೇಲೆ ಫೈಲುಗಳು ಎದೆಯ ಮಟ್ಟಕ್ಕೆ ಬೆಳೆದಿದ್ದವು.

ಬಂದಿದ್ದವರು ಸೋಪಿನ ಪುಡಿ ಕಾರ್ಖಾನೆಯ ಮೇಸ್ತ್ರಿಯ ಹೆಂಡತಿ. ನಾಲ್ಕನೇ ತಾರೀಕು ಸೋಮವಾರ, ಬೆಳಗ್ಗೆ ಒಂಬತ್ತು ಐವತ್ತಕ್ಕೆ, ಮೇಸ್ತ್ರಿ ಪುಡಿ ಕಲಸುವ ದೊಡ್ಡ ಮಿಕ್ಸರ್ ಒಳಗಿದ್ದಾಗ ಯಂತ್ರ ಓಡಿತ್ತು. ಹನ್ನೊಂದು ಸೆಕೆಂಡು. ಅಸಹಜ ಸಾವು ಎಂದು ಪ್ರಕರಣ ದಾಖಲಾಗಿ, ತನಿಖೆ ಹೆಚ್ಚುಕಡಿಮೆ ಮುಗಿದು, ಫೈಲು ಮೇಡಂ ಸಹಿಗಾಗಿ ಕಾಯುತ್ತಿತ್ತು.

ಹೆಂಗಸು ಕಾಗದ ಬಿಡಿಸಿ ಕೊಟ್ಟರು. ಕಾರ್ಖಾನೆಯ ಮ್ಯಾನೇಜರ್ ಸಹಿ ಇದ್ದ ಪತ್ರ. ‘ಮೃತರು ಸುರಕ್ಷತಾ ನಿಯಮವನ್ನು ಉಲ್ಲಂಘಿಸಿ, ಏಣಿಯ ಬುಡದಲ್ಲಿ ಪಾದರಕ್ಷೆ ಬಿಡದೆ ಮಿಕ್ಸರ್ ಒಳಗೆ ಇಳಿದಿದ್ದು, ಸ್ವಂತ ಅಜಾಗರೂಕತೆಯಿಂದ ಮೃತಪಟ್ಟಿರುತ್ತಾರೆ.’

“ಪಾದರಕ್ಷೆ ಬಿಡೋದು ಅಂದ್ರೆ?” ಮೇಡಂ ಕೇಳಿದರು.

“ಮಿಕ್ಸರ್ ಒಳಗೆ ಬರಿಗಾಲಲ್ಲೇ ಇಳೀಬೇಕು. ಇಳಿಯೋರು ಚಪ್ಪಲೀನ ಏಣಿ ಬುಡದಲ್ಲಿ ಬಿಡ್ಬೇಕು. ಬಟನ್ ಇರೋ ಗಾಜಿನ ಕೋಣೆಯಿಂದ ಮಿಕ್ಸರ್ ಬಾಯಿ ಕಾಣಲ್ಲ, ಏಣಿ ಬುಡ ಮಾತ್ರ ಕಾಣತ್ತೆ. ಚಪ್ಪಲಿ ಇದ್ರೆ ಆಳು ಒಳಗಿದ್ದಾನೆ ಅಂತ. ಅದನ್ನ ಬಿಟ್ಟೋರೇ ಹಾಕ್ಕೋಬೇಕು, ಆಕಾಶ ಕಳಚಿ ಬಿದ್ರೂ ಬೇರೆಯವರು ಮುಟ್ಟಂಗಿಲ್ಲ.”

“ಈ ನಿಯಮ ಮಾಡಿದ್ದು ಯಾರು?”

“ಅವರೇ. ಇಪ್ಪತ್ತೆರಡು ವರ್ಷದ ಹಿಂದೆ ಅದೇ ಮಿಕ್ಸರಿಂದ ಒಬ್ಬರ ಹೆಣ ಎತ್ತಿದ್ರು. ಅವತ್ತಿಂದ. ಮನೇಲೂ ಅಷ್ಟೇ. ಬಚ್ಚಲಿಗೆ ಹೋದ್ರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೋಗೋರು. ನಾನು ನಗಾಡ್ತಿದ್ದೆ.” ಪತ್ರದ ಸಾಲಿನ ಮೇಲೆ ಬೆರಳಿಟ್ಟರು: “ಸತ್ತಿದ್ದು ಸತ್ತರು. ಆದ್ರೆ ಅವರ ನಿಯಮ ಅವರೇ ಮುರಿದು ಸತ್ತರು ಅಂತ ಬರೆದವರೆ ನೋಡಿ, ಅದು ನಂಗೆ ಆಗಲ್ಲ.”

ಇಷ್ಟಕ್ಕೇ ಅವರು ಬಂದಿದ್ದರು. ಒಂದು ಸಾಲು ಅಳಿಸಬೇಕು. ಬೇರೇನೂ ಕೇಳಲಿಲ್ಲ.

“ಚೀಲದಲ್ಲೇನಿದೆ?”

“ಅವರ ಚಪ್ಪಲಿ. ಬಟ್ಟೆ, ವಾಚಿನ ಜೊತೆ ನೀವೇ ಕೊಟ್ರಿ. ತೊಳೆಯೋಕೆ ಮನಸ್ಸು ಬರ್ಲಿಲ್ಲ.”

ಮೇಡಂ ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ ಚಪ್ಪಲಿ ಇಟ್ಟು ನೋಡಿದರು. ಕಂದು ಬಣ್ಣದ, ಹಿಮ್ಮಡಿ ಸವೆದ ಸಾಧಾರಣ ಜೋಡು. ತಿರುಗಿಸಿದರು. ಎರಡರ ಅಟ್ಟೆಗೂ ದಪ್ಪವಾಗಿ ಹಳದಿ ಬಣ್ಣ ಮೆತ್ತಿಕೊಂಡು ಒಣಗಿತ್ತು.

“ನಿಮ್ಮ ಮನೇಲಿ ಈ ಬಣ್ಣ ಇದೆಯಾ?”

“ಇಲ್ಲ. ಹಿಂದಿನ ಸಂಜೆ ನಾನೇ ತೊಳೆದಿಟ್ಟಿದ್ದೆ. ಆಗ ಇರ್ಲಿಲ್ಲ.”

ಹನ್ನೊಂದು ಐವತ್ತಕ್ಕೆ ಹೇಳಿಕೆ ಮುಗಿಯಿತು. ಹೆಂಗಸು ಚಪ್ಪಲಿ ಅಲ್ಲೇ ಬಿಟ್ಟು ಹೋದ ಮೇಲೆ ಮೇಡಂ ಪಂಚನಾಮೆ ತರಿಸಿದರು. ಅದನ್ನು ಬರೆದವರು ದಫೇದಾರರು. ಠಾಣೆಯಲ್ಲಿ ಅವರಿಗೆ ‘ಪುರಾಣ’ ಎಂದೇ ಹೆಸರು. ಸೈಕಲ್ ಕಳವಾದರೂ ಅವರ ಸ್ಥಳ ಪಂಚನಾಮೆ ಆರು ಪುಟಕ್ಕೆ ಕಡಿಮೆ ಇರುತ್ತಿರಲಿಲ್ಲ. ಗೋಡೆಯ ಮೇಲೆ ಹಲ್ಲಿ ಇದ್ದರೆ ಹಲ್ಲಿಯ ಬಾಲದ ಸ್ಥಿತಿಗತಿಯೂ ಅದರಲ್ಲಿರುತ್ತದೆ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಮೇಡಂ ಕೂಡ ಒಮ್ಮೆ, “ದಫೇದಾರ್ರೆ, ಕಾಗದ ಸರ್ಕಾರದ್ದು, ಸ್ವಲ್ಪ ಕರುಣೆ ಇರಲಿ,” ಎಂದಿದ್ದುಂಟು.

ಈಗ ಅದೇ ಮೇಡಂ ಹದಿನಾಲ್ಕು ಪುಟವನ್ನು ಬೆರಳಿಟ್ಟು ಓದುತ್ತಿದ್ದರು. ನಾಲ್ಕನೇ ಪುಟದಲ್ಲಿ ಬೆರಳು ನಿಂತಿತು. ‘ಶೆಡ್ಡಿನ ಬಾಗಿಲ ಒಳಬದಿಯಲ್ಲಿ, ಈ ಗೋಡೆಯಿಂದ ಆ ಗೋಡೆಯವರೆಗೆ, ನಡೆಯುವ ದಾರಿ ಗುರುತಿಸಲು ಮೂರೂವರೆ ಅಡಿ ಅಗಲದ ಹಳದಿ ಪಟ್ಟಿ ಬಳಿದಿದ್ದು, ಬೆರಳಿಗೆ ಅಂಟುತ್ತದೆ.’ ಆರನೇ ಪುಟ: ‘ಬಾಗಿಲ ಹೊರಗೆ ಚಪ್ಪಲಿ ಇಡುವ ಕಬ್ಬಿಣದ ಸ್ಟ್ಯಾಂಡ್. ನಾಲ್ಕು ಅಂತಸ್ತು. ಮೇಲಿನದು ನೆಲದಿಂದ ಆರೂವರೆ ಅಡಿ. ಅದರಲ್ಲಿ ಎರಡೇ ಜೊತೆ. ಒಂದು ಮೃತರದು ಎಂದು ಮ್ಯಾನೇಜರ್ ಗುರುತಿಸಿರುತ್ತಾರೆ.’ ಒಂಬತ್ತನೇ ಪುಟ, ಶವ ಪಂಚನಾಮೆ: ‘ಅಂಗಾಲುಗಳು ಒಣಗಿದ್ದು ಬಿಳಿ ಪುಡಿ ಹತ್ತಿರುತ್ತದೆ. ಬೇರೆ ಯಾವುದೇ ಬಣ್ಣ, ಕೆಸರು, ಎಣ್ಣೆ ಇಲ್ಲ.’

“ಚಪ್ಪಲಿ ಬಾಗಿಲ ಹೊರಗಿತ್ತು. ಮೇಸ್ತ್ರಿ ಒಳಗಿದ್ದರು. ನಡುವೆ ಹಸಿ ಬಣ್ಣ,” ಎಂದರು ಮೇಡಂ. “ಹೊರಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬಂದಿದ್ರೆ ಬಣ್ಣ ಎಲ್ಲಿರ್ಬೇಕಿತ್ತು?”

“ಅಂಗಾಲಲ್ಲಿ, ಮೇಡಂ.”

“ಎಲ್ಲಿದೆ?”

ದಫೇದಾರರು ನೆಲದ ಮೇಲಿದ್ದ ಚಪ್ಪಲಿಯನ್ನೇ ನೋಡುತ್ತ ನಿಂತರು. “ಚಪ್ಪಲಿ ಹಾಕ್ಕೊಂಡೇ ಒಳಗೆ ಹೋಗಿದಾರೆ. ಆಮೇಲೆ ಚಪ್ಪಲಿ ಮಾತ್ರ ಹೊರಗೆ ಬಂದಿದೆ.”

“ಚಪ್ಪಲಿಗೆ ತಾನೇ ನಡ್ಕೊಂಡು ಬರೋಕೆ ಆಗಲ್ಲ,” ಎಂದು ಮೇಡಂ ಎದ್ದು ಟೋಪಿ ತೆಗೆದುಕೊಂಡರು. “ಸಹಿ ಹಾಕಲ್ಲ. ಜೀಪ್ ತೆಗೆಸಿ. ಮತ್ತೆ ದಫೇದಾರ್ರೆ, ಇನ್ನು ಮುಂದೆ ಎಷ್ಟು ಬೇಕಾದ್ರೂ ಬರೀರಿ.”

ಕಾರ್ಖಾನೆ ತಲುಪಿದಾಗ ಎರಡೂವರೆ. ಶೆಡ್ಡಿನ ಗಾಳಿಯಲ್ಲಿ ಪುಡಿ ತೇಲುತ್ತಿತ್ತು, ಬಾಗಿಲಲ್ಲೇ ದಫೇದಾರರಿಗೆ ಮೂರು ಸೀನು ಬಂದವು. ಪ್ಯಾಕಿಂಗ್ ಯಂತ್ರಗಳ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಮಿಕ್ಸರಿನ ಬಾಯಿ ಎಂಟಡಿ ಎತ್ತರದಲ್ಲಿತ್ತು. ಐದು ಮೆಟ್ಟಿಲಿನ ಕಬ್ಬಿಣದ ಏಣಿ. ಇಪ್ಪತ್ತು ಹೆಜ್ಜೆ ಆಚೆ, ಗಾಜಿನ ಕೋಣೆಯಲ್ಲಿ ಪ್ಯಾನೆಲ್. ಮೇಡಂ ಆ ಕೋಣೆಯೊಳಗೆ ನಿಂತು ನೋಡಿದರು. ಮೇಸ್ತ್ರಿಯ ಹೆಂಡತಿ ಹೇಳಿದ್ದು ನಿಜ. ಏಣಿಯ ಬುಡ ಅಂಗೈಯಷ್ಟು ಸ್ಪಷ್ಟ, ಬಾಯಿ ಕಾಣುವುದೇ ಇಲ್ಲ.

ಗೋಡೆಯ ಮೇಲೆ ಮೇನ್ ಸ್ವಿಚ್ ಇತ್ತು. ಅದಕ್ಕೆ ಬೀಗ ಹಾಕಲು ಕೊಂಡಿ ಇತ್ತು. ಕೊಂಡಿಗೆ ಕ್ಯಾಲೆಂಡರ್ ನೇತು ಹಾಕಿದ್ದರು.

“ಒಳಗೆ ಇಳಿಯುವಾಗ ಇದನ್ನ ಆರಿಸಿ ಬೀಗ ಹಾಕಬಹುದಲ್ಲ?”

ಪಕ್ಕದಲ್ಲಿದ್ದ ಮ್ಯಾನೇಜರ್ ನಕ್ಕರು. “ಅದೇ ಲೈನಲ್ಲಿ ಪ್ಯಾಕಿಂಗ್ ಇದೆ ಮೇಡಂ. ಆರಿಸಿದ್ರೆ ಎಲ್ಲಾ ನಿಲ್ಲತ್ತೆ. ಅದಕ್ಕೇ ನಮ್ಮಲ್ಲಿ ಚಪ್ಪಲಿ ಪದ್ಧತಿ. ಪಾಪ, ಮೇಸ್ತ್ರಿನೇ ಅವತ್ತು ಮರೆತರು.”

“ನಾಲ್ಕನೇ ತಾರೀಕು ವಿಶೇಷ ಏನಿತ್ತು?”

“ದೊಡ್ಡ ಗಿರಾಕಿ ಕಡೆಯವರು ಕಾರ್ಖಾನೆ ನೋಡೋಕೆ ಬರೋರಿದ್ರು. ಹತ್ತೂವರೆಗೆ.”

“ಅದಕ್ಕೆ ಹಳದಿ ಪಟ್ಟಿ.”

“ಹೌದು. ಎಲ್ಲರಿಗೂ ಬಿಳಿ ರಬ್ಬರ್ ಬೂಟು ಕೂಡ ಕೊಟ್ವಿ.”

“ಮೇಸ್ತ್ರಿಯ ಬೂಟು ಎಲ್ಲಿ?”

ಉಗ್ರಾಣದಲ್ಲಿತ್ತು. ಪ್ಲಾಸ್ಟಿಕ್ ಹೊದಿಕೆಯನ್ನು ಒಡೆದೇ ಇರಲಿಲ್ಲ. ದಫೇದಾರರು ಅದರ ಮೇಲೆ ಅಳತೆ ಏಳು ಎಂದಿರುವುದನ್ನೂ ಬರೆದುಕೊಂಡರು. ಹಿಂದಕ್ಕೆ ಬರುವಾಗ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಕಂಡಿತು. ಮೂರನೇ ತಾರೀಕಿನದು. ‘ನಾಳೆ ಹತ್ತು ಗಂಟೆಯ ನಂತರ ಶೆಡ್ಡಿನ ನೆಲದ ಮೇಲೆ ಯಾವುದೇ ಚಪ್ಪಲಿ ಕಾಣಕೂಡದು.’ ಕೆಳಗೆ ಮ್ಯಾನೇಜರ್ ಸಹಿ. ಅದನ್ನು ತೆಗೆಯಬೇಕೆಂದೂ ಯಾರಿಗೂ ಹೊಳೆದಿರಲಿಲ್ಲ.

“ಯಾವುದೇ ಚಪ್ಪಲಿ,” ಮೇಡಂ ಓದಿದರು. “ಏಣಿ ಬುಡದ್ದೂ ಸೇರಿ?”

“ಅದು... ಹಾಗಲ್ಲ. ಅರ್ಥ ಮಾಡ್ಕೋಬೇಕಲ್ಲ ಮೇಡಂ.”

“ಯಾರು ಅರ್ಥ ಮಾಡ್ಕೋಬೇಕಿತ್ತು?”

ಹಾಳೆಯನ್ನು ಇಬ್ಬರು ಪಂಚರ ಸಮಕ್ಷಮ ಮೂರು ಹತ್ತಕ್ಕೆ ವಶಪಡಿಸಿಕೊಳ್ಳಲಾಯಿತು.

ಪಟ್ಟಿ ಬಳಿದ ಪೇಂಟರ್ ಕಾರ್ಖಾನೆಯವನಲ್ಲ. ಹಾಗಾಗಿ ಮೊದಲ ತನಿಖೆಯಲ್ಲಿ ಅವನನ್ನು ಯಾರೂ ಕೇಳಿರಲಿಲ್ಲ. ಎರಡು ಬೀದಿ ಆಚೆ ಒಂದು ಗೇಟಿಗೆ ಬಣ್ಣ ಹಚ್ಚುತ್ತಿದ್ದವನು ಬ್ರಷ್ ಕೆಳಗಿಡದೆಯೇ ಮಾತಾಡಿದ.

“ಎಲ್ಲರೂ ಹಾರಿಕೊಂಡು ಹೋದ್ರು ಮೇಡಂ. ಮೇಸ್ತ್ರಿ ಒಬ್ಬರೇ ನೋಡದೆ ತುಳಿದ್ರು. ಕಣ್ಣು ಎಲ್ಲಿಟ್ಟಿದ್ದೀರಾ ಅಂತ ಬೈದೆ. ನಕ್ಕು, ‘ನಿನ್ನ ಬಣ್ಣಕ್ಕೆ ನನ್ನ ಸಹಿ ಬಿತ್ತು ಬಿಡಯ್ಯ’ ಅಂದ್ರು.”

“ಎಷ್ಟು ಹೊತ್ತಿಗೆ?”

“ಒಂಬತ್ತೂ ಇಪ್ಪತ್ತು.”

“ಚಪ್ಪಲಿ ಹಾಕಿದ್ರಾ?”

“ಚಪ್ಪಲಿ ಗುರುತೇ ಬಿತ್ತಲ್ಲ! ಅದರ ಮೇಲೆ ಇನ್ನೊಂದು ಕೈ ಎಳೆದೆ. ಬಗ್ಗಿ ನೋಡಿದ್ರೆ ಈಗ್ಲೂ ಕಾಣತ್ತೆ.”

“ವಾಪಸ್ ಹೊರಗೆ ಬಂದ್ರಾ?”

“ಇಲ್ಲ. ಆಂಬುಲೆನ್ಸ್ ಬರೋವರೆಗೂ ನಾನು ಬಾಗಿಲಲ್ಲೇ ಇದ್ದೆ.” ಈಗ ಬ್ರಷ್ ಕೆಳಗಿಟ್ಟ. “ಅವರು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಆ ಉದ್ದನೆ ಹುಡುಗ ತೋಳ ತುಂಬ ಚಪ್ಪಲಿ ಹೊತ್ತು ಬಂದು ಸ್ಟ್ಯಾಂಡಲ್ಲಿ ಜೋಡಿಸಿದ. ಹತ್ತು ಹನ್ನೆರಡು ಜೊತೆ. ಬೂಟು ಹಾಕಿದ್ದ, ಪಟ್ಟೀನ ಒಂದೇ ಹೆಜ್ಜೇಲಿ ದಾಟಿದ.”

ಆ ಹುಡುಗನನ್ನು ಕಾರ್ಖಾನೆಯಲ್ಲಿ ಎಲ್ಲರೂ ಕರೆಯುವುದು ‘ಕಂಬ’ ಎಂದು. ಇಪ್ಪತ್ತು ವರ್ಷ, ಆರಡಿ ಮೂರಂಗುಲ. ಸ್ಟ್ಯಾಂಡಿನ ಮೇಲಿನ ಅಂತಸ್ತು ಅವನೊಬ್ಬನಿಗೆ ಮಾತ್ರ ಸಲೀಸಾಗಿ ಎಟುಕುತ್ತಿತ್ತು, ಅಲ್ಲಿದ್ದ ಇನ್ನೊಂದು ಜೊತೆ ಅವನದೇ. ಎರಡು ವರ್ಷದ ಹಿಂದೆ ಮೂಟೆ ಹೊರಲು ಬಂದವನನ್ನು ಮೇಸ್ತ್ರಿ ಪ್ಯಾನೆಲ್ ಕೆಲಸಕ್ಕೆ ತಯಾರು ಮಾಡಿದ್ದರು. ನಾಲ್ಕನೇ ತಾರೀಕು ಹಸಿರು ಬಟನ್ ಒತ್ತಿದವನೂ ಅವನೇ. ಅದು ಮೊದಲಿಂದಲೂ ಫೈಲಿನಲ್ಲಿತ್ತು. ಅವನ ಹೇಳಿಕೆ ಮೂರೇ ಸಾಲು. ‘ನಾನು ನೋಡಿದಾಗ ಏಣಿಯ ಬುಡದಲ್ಲಿ ಚಪ್ಪಲಿ ಇರಲಿಲ್ಲ. ಒಳಗೆ ಯಾರೂ ಇಲ್ಲ ಎಂದು ತಿಳಿದೆ. ಬಟನ್ ಒತ್ತಿದೆ.’

ಜೀಪಿನಲ್ಲಿ ಮೇಡಂ ಅದನ್ನು ಎರಡು ಸಲ ಓದಿದರು.

“ಇದರಲ್ಲಿ ಒಂದೂ ಸುಳ್ಳಿಲ್ಲ ದಫೇದಾರ್ರೆ. ಅದಕ್ಕೇ ಕೋಪ ಬರತ್ತೆ.”

“ಹುಡುಗ ಕೆಲಸಕ್ಕೆ ಬರ್ತಿಲ್ಲ ಮೇಡಂ. ಮೂರು ದಿನದಿಂದ.”

“ಎಲ್ಲಿದಾನೆ?”

ದಫೇದಾರರು ಫೈಲಿನ ಪುಟ ತಿರುವಿದರು. “ಮೇಸ್ತ್ರಿ ಮನೇಲಿ. ಬೆಳಗ್ಗೆ ಆಯಮ್ಮನ ಹೇಳಿಕೇಲೇ ಇದೆ. ‘ನಮ್ಮನೆ ಹುಡುಗ ಇದ್ದ ಹಾಗೆ, ದಿನಾ ಬಂದು ನೀರು ತುಂಬಿಸ್ತಾನೆ’ ಅಂತ. ಅದು ಬೇಕಾಗಿರ್ಲಿಲ್ಲವೇನೋ, ನಾನೇ ಬರ್ಕೊಂಡೆ.”

ಮೇಡಂ ಹುಡುಗನ ಹೇಳಿಕೆಯನ್ನು ಫೈಲಿಗೆ ಸೇರಿಸಿದರು. ಅವರಿಗೂ ಆ ವಯಸ್ಸಿನ ಮಗನಿದ್ದ. ಆ ಯೋಚನೆಯನ್ನು ಅವರು ಅಲ್ಲಿಗೇ ನಿಲ್ಲಿಸಿ ಡ್ರೈವರಿಗೆ ದಾರಿ ಹೇಳಿದರು.

ನಾಲ್ಕು ನಲವತ್ತಕ್ಕೆ ಜೀಪು ಮೇಸ್ತ್ರಿಯ ಮನೆಯ ಮುಂದೆ ನಿಂತಿತು. ಎರಡು ಕೋಣೆ, ಒಂದು ಅಡುಗೆಮನೆ. ಹುಡುಗ ಸಿಂಕಿನ ಕೆಳಗೆ ಮಂಡಿಯೂರಿ ಸೋರುವ ಕೊಳಾಯಿಗೆ ವಾಷರ್ ಹಾಕುತ್ತಿದ್ದ. ಪೊಲೀಸರನ್ನು ಕಂಡು ಎದ್ದ. ಏಳುವಾಗ ತಲೆ ಶೆಲ್ಫಿಗೆ ಬಡಿಯಿತು, ಉಜ್ಜಿಕೊಳ್ಳಲೂ ಇಲ್ಲ.

“ಒಂದೆರಡು ಪ್ರಶ್ನೆ ಇದೆ,” ಎಂದರು ಮೇಡಂ. “ಠಾಣೆಗೆ ಹೋಗೋಣ.”

“ಇಲ್ಲೇ ಕೇಳಿ ಮೇಡಂ.”

“ಇಲ್ಲಿ ಬೇಡಪ್ಪ.”

“ಇಲ್ಲೇ ಕೇಳಿ. ಅಲ್ಲಿ ಹೇಳಿದ್ರೆ ಚಿಕ್ಕಮ್ಮಂಗೆ ನೀವು ಹೇಳ್ತೀರ. ನಾನು ಹೇಳ್ದಂಗಾಗಲ್ಲ.”

ಮೇಸ್ತ್ರಿಯ ಹೆಂಡತಿ ಬಟ್ಟೆ ಮಡಚುತ್ತಿದ್ದವರು ಬಾಗಿಲಿಗೆ ಬಂದು ನಿಂತರು. ಅವರನ್ನು ಹೊರಗೆ ಕಳಿಸಬೇಕಿತ್ತು. ಮೇಡಂ ಕಳಿಸಲಿಲ್ಲ.

“ಏಣಿ ಬುಡದಲ್ಲಿ ಚಪ್ಪಲಿ ಇತ್ತಾ?”

“ಇತ್ತು.”

“ಯಾರದು?”

“ಮೇಸ್ತ್ರೀದು.”

“ತೆಗೆದಿದ್ದು ಯಾರು?”

“ನಾನೇ.”

ಕೊಳಾಯಿಯಿಂದ ನೀರು ಹನಿಯುತ್ತಿತ್ತು. ದಫೇದಾರರು ಬರೆಯುತ್ತಿದ್ದರು.

“ಹತ್ತು ಗಂಟೆ ಒಳಗೆ ನೆಲ ಖಾಲಿ ಇರ್ಬೇಕು ಅಂತ ಮ್ಯಾನೇಜರ್ ನಂಗೆ ಹೇಳಿದ್ರು. ಎಲ್ಲಾ ಎತ್ತಿದೆ. ಕೊನೇಲಿ ಅದು. ಅಲ್ಲಿ ನಿಂತೆ. ಮುಟ್ಟಬಾರದು ಅಂತ ಗೊತ್ತಿತ್ತು. ಮೇಸ್ತ್ರೀ ಅಂತ ಒಂದ್ಸಲ ಕೂಗಿದೆ. ಪ್ಯಾಕಿಂಗ್ ಓಡ್ತಿತ್ತು, ಏನೂ ಕೇಳಿಸ್ಲಿಲ್ಲ. ಎಲ್ಲರೂ ಬೂಟು ಹಾಕಿದ್ರಲ್ಲ, ಅವರೂ ಬೂಟು ಹಾಕ್ಕೊಂಡು ಗೇಟ್ ಹತ್ರ ಹೋಗಿರ್ತಾರೆ, ಇದನ್ನ ಇಲ್ಲೇ ಬಿಟ್ಟಿದಾರೆ ಅಂದ್ಕೊಂಡೆ. ಬಂದವರಿಗೆ ಮಿಕ್ಸರ್ ಓಡ್ತಿರೋದು ಕಾಣ್ಲಿ ಅಂತ ಹೋಗಿ ಬಟನ್ ಒತ್ತಿದೆ.” ಉಸಿರು ಎಳೆದುಕೊಂಡ. “ಎರಡು ಮೆಟ್ಟಿಲು ಹತ್ತಿದ್ರೆ ಸಾಕಿತ್ತು ಮೇಡಂ. ನನ್ನ ಎತ್ತರಕ್ಕೆ ಎರಡೇ ಮೆಟ್ಟಿಲು. ಒಳಗೆ ಕಾಣ್ತಿತ್ತು.”

“ಮೊದಲ ಹೇಳಿಕೇಲಿ ಇದನ್ನ ಯಾಕೆ ಹೇಳ್ಲಿಲ್ಲ?”

“ಪೊಲೀಸ್ ಬರೋ ಮುಂಚೆ ಮ್ಯಾನೇಜರ್ ಕರೆದು, ನೀನು ಚಪ್ಪಲಿ ಎತ್ತಿದ್ದು ನೋಡಿದೀನಿ, ಆದ್ರೆ ನೋಡ್ದೇ ಇರೋನ ಹಾಗೆ ಇರ್ತೀನಿ ಅಂದ್ರು. ಕೇಳಿದಷ್ಟಕ್ಕೆ ಉತ್ತರ ಕೊಡು, ಸತ್ತವರಿಗೆ ಜೈಲಿಲ್ಲ ಅಂದ್ರು. ನಂಗೆ ಭಯ ಆಗಿತ್ತು. ಹೂಂ ಅಂದೆ.”

ಅವನು ಮೇಸ್ತ್ರಿಯ ಹೆಂಡತಿಯ ಕಡೆ ತಿರುಗಿದ. ಅಷ್ಟು ಎತ್ತರದ ಹುಡುಗ ಎಲ್ಲಿ ನೋಡಬೇಕೆಂದು ತಿಳಿಯದೆ ಅವರ ಪಾದವನ್ನೇ ನೋಡುತ್ತ ಹೇಳಿದ: “ಚಿಕ್ಕಮ್ಮ, ಮೇಸ್ತ್ರಿ ಚಪ್ಪಲಿ ಬಿಟ್ಟೇ ಹತ್ತಿದ್ರು. ಅವರು ಮರೀಲಿಲ್ಲ.”

ಅವರ ಕೈಯಲ್ಲಿ ಅರ್ಧ ಮಡಚಿದ ಅಂಗಿ ಇತ್ತು. ಗಂಡನದು.

“ಎಂಟು ದಿನ,” ಎಂದರು ಅವರು. “ಎಂಟು ದಿನ ನನ್ನ ಕೈಯಿಂದ ಬಡಿಸಿಕೊಂಡು ತಿಂದೆ.”

“ದಿನಾ ಹೇಳೋಕೇ ಬರ್ತಿದ್ದೆ.”

“ದಿನಾ ಉಂಡು ಹೋದೆ.”

ಹುಡುಗ ತಲೆಯಾಡಿಸಿದ. ಮೇಡಂ ದಫೇದಾರರಿಗೆ ಸನ್ನೆ ಮಾಡಿದರು. ಹೊರಡುವಾಗ ಮೇಸ್ತ್ರಿಯ ಹೆಂಡತಿ ಮೇಡಂ ತೋಳು ಹಿಡಿದು ನಿಲ್ಲಿಸಿದರು.

“ಶಿಕ್ಷೆ ಆಗ್ಲಿ ಮೇಡಂ. ಬೇಡ ಅನ್ನೋ ದೊಡ್ಡ ಮನಸ್ಸು ನಂಗಿಲ್ಲ. ಆದ್ರೆ ಇವನೊಬ್ಬನ ತಲೆಗೆ ಕಟ್ಟಿ ಕೈ ತೊಳ್ಕೋಬೇಡಿ. ನೆಲದ ಮೇಲೆ ಚಪ್ಪಲಿ ಕಾಣಬಾರದು ಅಂದವರು ಯಾರು?”

“ಅಲ್ಲಿಗೇ ಹೊರಟಿದೀನಿ,” ಎಂದರು ಮೇಡಂ.

ಸಂಜೆ ಆರು ಐದಕ್ಕೆ ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದ ಆರೋಪದಲ್ಲಿ ಮೊದಲ ಆರೋಪಿ ಹುಡುಗ. ಎರಡನೆಯ ಆರೋಪಿ ಮ್ಯಾನೇಜರ್. ಸ್ವಿಚ್ಚಿಗೆ ಬೀಗದ ವ್ಯವಸ್ಥೆ ಮಾಡದಿದ್ದದ್ದು, ಅಪಾಯಕಾರಿ ಆದೇಶ ಹೊರಡಿಸಿದ್ದು, ಸತ್ಯ ಮುಚ್ಚಿಟ್ಟದ್ದು ಬೇರೆ. ಅವರನ್ನು ಆರು ಐವತ್ತಕ್ಕೆ ಕಾರ್ಖಾನೆಯ ಕಚೇರಿಯಲ್ಲೇ ದಸ್ತಗಿರಿ ಮಾಡಲಾಯಿತು. “ನಾನು ಬಟನ್ ಮುಟ್ಟೇ ಇಲ್ಲವಲ್ಲ,” ಎಂದು ಅವರು ಜೀಪು ಹತ್ತುವವರೆಗೂ ಹೇಳುತ್ತಿದ್ದರು. ಕ್ಯಾಲೆಂಡರನ್ನು ಕೊಂಡಿಯ ಸಮೇತ ಫೋಟೋ ತೆಗೆಸಲಾಯಿತು.

ಹುಡುಗನ ಹೇಳಿಕೆ ಈ ಸಲ ಏಳು ಪುಟವಾಯಿತು. ಅದರಲ್ಲಿ ಹಗೆಯಿಲ್ಲ, ಆಸೆಯಿಲ್ಲ, ಪೊಲೀಸರು ಸಾಮಾನ್ಯವಾಗಿ ಹುಡುಕುವ ಯಾವ ಕಾರಣವೂ ಇಲ್ಲ. ಅಂದು ಅವನು ಮೊದಲ ಬಾರಿಗೆ ಒಬ್ಬನೇ ಪ್ಯಾನೆಲ್ ನೋಡಿಕೊಳ್ಳುವವನಿದ್ದ. ಬಂದವರ ಮುಂದೆ ಎಲ್ಲ ಚೊಕ್ಕವಾಗಿರಬೇಕು, ‘ಹುಡುಗನನ್ನು ಚೆನ್ನಾಗಿ ತಯಾರು ಮಾಡಿದ್ದೀರಿ’ ಎಂದು ಯಾರಾದರೂ ಮೇಸ್ತ್ರಿಗೆ ಹೇಳಬೇಕು. ಅದು ಅವನ ಆಸೆ ಎನ್ನುವುದಾದರೆ ಅಷ್ಟೇ. ಬಂದವರಿಗೆ ಮಿಕ್ಸರ್ ಒಳಗೆ ಗಟ್ಟಿಯಾಗಿ ಅಂಟಿದ ಪುಡಿ ಕಾಣಬಾರದೆಂದು ಮೇಸ್ತ್ರಿ ಅಂದು ತಾವೇ ಒಳಗಿಳಿದು ಕೆರೆಯುತ್ತಿದ್ದರು. ಆ ಕೆಲಸ ಹುಡುಗನದು. ಮೊದಲ ದಿನ ಅವನ ಬಟ್ಟೆ ಕೊಳೆಯಾಗುವುದು ಬೇಡವೆಂದು ಅವನಿಗೆ ಹೇಳದೆಯೇ ಹತ್ತಿದ್ದರು. ಇದು ಹುಡುಗನಿಗೆ ಗೊತ್ತಾದದ್ದು ಆಮೇಲೆ, ಉಗ್ರಾಣದವರಿಂದ. ಗೊತ್ತಾದ ಮೇಲೆ ಬಾಯಿ ಬಿಡುವುದು ಇನ್ನಷ್ಟು ಕಷ್ಟವಾಯಿತು ಎಂದು ಬರೆಸಿದ್ದಾನೆ.

ಬುಧವಾರ ಬೆಳಗ್ಗೆ ಎಂಟೂ ನಲವತ್ತಕ್ಕೆ ಮೇಸ್ತ್ರಿಯ ಹೆಂಡತಿ ಎಫ್‌ಐಆರ್ ಪ್ರತಿ ತೆಗೆದುಕೊಳ್ಳಲು ಬಂದರು. ದಫೇದಾರರು ಕುರ್ಚಿ ಎಳೆದುಕೊಟ್ಟು, ಬೆರಳಿಟ್ಟು ತೋರಿಸಿದರು. ‘ಮೃತರು ನಿಯಮದಂತೆ ಏಣಿಯ ಬುಡದಲ್ಲಿ ಪಾದರಕ್ಷೆ ಬಿಟ್ಟು ಒಳಗೆ ಇಳಿದಿದ್ದರು.’ ಅವರು ಆ ಸಾಲನ್ನು ನಿಧಾನವಾಗಿ ಎರಡು ಸಲ ಓದಿದರು. ಕಾಗದವನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡರು.

ಹೊರಗೆ ಹೋಗುವ ದಾರಿ ಲಾಕಪ್ಪಿನ ಮುಂದೆಯೇ. ಒಳಗೆ ಹುಡುಗ ಗೋಡೆಗೆ ಮುಖ ಮಾಡಿ ಕುಳಿತಿದ್ದ. ಇನ್ನೊಂದು ಗಂಟೆಗೆ ಅವನನ್ನು ನ್ಯಾಯಾಲಯಕ್ಕೆ ಕರೆದೊಯ್ಯಬೇಕಿತ್ತು. ಕಂಬಿಗಳ ಹೊರಗೆ ಅವನ ಚಪ್ಪಲಿಗಳಿದ್ದವು, ದೊಡ್ಡವು, ಒಂದಕ್ಕೊಂದು ಅಂಟಿಸಿದಂತೆ ಜೋಡಿಸಿದ್ದವು. ಮೇಸ್ತ್ರಿಯ ಹೆಂಡತಿ ಒಳಗೆ ನೋಡಲಿಲ್ಲ. ನೋಡಬಾರದೆಂದು ನಿರ್ಧರಿಸಿಕೊಂಡೇ ಬಂದಿದ್ದರು.

ಅದೇ ಹೊತ್ತಿಗೆ ಕಸ ಗುಡಿಸುವಾಕೆ ಬಂದು ಪೊರಕೆಯ ತುದಿಯಿಂದ ಚಪ್ಪಲಿಗಳನ್ನು ಮೂಲೆಗೆ ತಳ್ಳಲು ಹೋದಳು.

“ಮುಟ್ಟಬೇಡಮ್ಮ,” ಎಂದರು ಮೇಸ್ತ್ರಿಯ ಹೆಂಡತಿ. “ಆಳು ಒಳಗಿದ್ದಾನೆ.”

ಗುಡಿಸುವಾಕೆ ಅವರ ಮುಖ ನೋಡಿ, ಚಪ್ಪಲಿಯ ಸುತ್ತ ಗುಡಿಸಿಕೊಂಡು ಮುಂದೆ ಹೋದಳು.